ಲೆಕ್ಕಕ್ಕೆ ಮನೆಯವರೂ ಬೇಕು

ರಾಜ್ಯದ ಅನೇಕ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ವರ್ಷಕ್ಕೊಮ್ಮೆ ‘ಮಕ್ಕಳ ಸಂತೆ’ ನಡೆಯುತ್ತದೆ. ಕೆಲವೆಡೆ ಇದಕ್ಕೆ ‘ಮೆಟ್ರಿಕ್ ಮೇಳ’ ಎಂಬ ಹೆಸರಿದೆ. ಮಕ್ಕಳು ಹಿತ್ತಲಿನ ಕರಿಬೇವು, ತೊಂಡೆಕಾಯಿ, ನಿಂಬೆಹಣ್ಣು ತಂದು ಶಾಲೆಯ ಅಂಗಳದಲ್ಲಿ ಗೋಣಿಚೀಲ ಹಾಸಿ ಕೂರುತ್ತಾರೆ. ಕೊಳ್ಳುವವರು ಅಪ್ಪ, ಅಮ್ಮ, ಅಜ್ಜಿ, ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರು, ಅಕ್ಕಪಕ್ಕದ ಮನೆಯವರು. ತಕ್ಕಡಿ ಹಿಡಿಯುವುದು, ಕಾಲು ಕೆ.ಜಿ.ಗೆ ಎಷ್ಟಾಯಿತು ಎಂದು ಹೇಳುವುದು, ನೂರರ ನೋಟಿಗೆ ಚಿಲ್ಲರೆ ಎಣಿಸಿ ಕೊಡುವುದು ಎಲ್ಲವೂ ಮಕ್ಕಳ ಕೆಲಸ. ಕರಿಹಲಗೆಯ ಮುಂದೆ ಬಾಯಿ ಬಿಡದ ಹುಡುಗಿ ಇಲ್ಲಿ ಚೌಕಾಶಿಗೆ ನಿಲ್ಲುತ್ತಾಳೆ. ಬೇರೆ ದಿನ ಶಾಲೆಯ ಗೇಟಿನ ಆಚೆಯೇ ನಿಲ್ಲುವ ಅಪ್ಪ ಅಮ್ಮ ಅಂದು ಒಳಗೆ ಬಂದು ಮಕ್ಕಳ ಮುಂದೆ ಕುಕ್ಕರಗಾಲಿನಲ್ಲಿ ಕೂತು ವ್ಯಾಪಾರ ಮಾಡುತ್ತಾರೆ. ಮನೆಯವರು, ಮಕ್ಕಳು, ಲೆಕ್ಕ, ಶಾಲೆ ನಾಲ್ಕೂ ಒಂದೇ ಜಾಗದಲ್ಲಿ ಸೇರುವುದು ವರ್ಷದಲ್ಲಿ ಇದೊಂದೇ ದಿನ. ಉಳಿದ ದಿನಗಳಲ್ಲಿ ಲೆಕ್ಕ ಮತ್ತು ವಿಜ್ಞಾನ ಶಾಲೆಯ ಕೆಲಸ, ಟ್ಯೂಷನ್ನಿನ ಕೆಲಸ. ಮನೆಯವರ ಪಾಲಿಗೆ ಉಳಿಯುವುದು ‘ಹೋಂವರ್ಕ್ ಆಯ್ತಾ?’ ಎಂಬ ಒಂದು ಪ್ರಶ್ನೆ.

ಈ ಹಂಚಿಕೆ ಸರಿಯಿಲ್ಲ ಎನ್ನುವುದಕ್ಕೆ ಈಗ ಸಾಕಷ್ಟು ಆಧಾರಗಳಿವೆ. ‘ಪ್ರಥಮ್’ ಸಂಸ್ಥೆಯ ‘ಅಸರ್’ ಗ್ರಾಮೀಣ ಸಮೀಕ್ಷೆಯ ಪ್ರಕಾರ 2024ರಲ್ಲಿ ದೇಶದ ಮೂರನೇ ತರಗತಿಯ ಮಕ್ಕಳಲ್ಲಿ ಎರಡಂಕಿಯ ಕಳೆಯುವ ಲೆಕ್ಕ ಮಾಡಬಲ್ಲವರು ಶೇ 33.7. ಐದನೇ ತರಗತಿಯಲ್ಲಿ ಭಾಗಾಕಾರ ಬಲ್ಲವರು ಶೇ 30.7. 2022ಕ್ಕೆ ಹೋಲಿಸಿದರೆ ಇದು ಏರಿಕೆಯೇ. ಆದರೂ ಹತ್ತರಲ್ಲಿ ಆರೇಳು ಮಕ್ಕಳು ತರಗತಿಗೆ ತಕ್ಕ ಲೆಕ್ಕ ಬಾರದೆ ಮುಂದಿನ ತರಗತಿಗೆ ಹೋಗುತ್ತಿದ್ದಾರೆ. 2021ರಲ್ಲಿ ಶುರುವಾದ ಕೇಂದ್ರದ ‘ನಿಪುಣ್ ಭಾರತ್’ ಯೋಜನೆ, ಮೂರನೇ ತರಗತಿ ಮುಗಿಸುವ ಎಲ್ಲ ಮಕ್ಕಳಿಗೂ 2026–27ರ ಹೊತ್ತಿಗೆ ಓದು ಮತ್ತು ಲೆಕ್ಕದ ಬುನಾದಿ ಬಂದಿರಬೇಕು ಎಂದು ಗುರಿ ಇಟ್ಟುಕೊಂಡಿದೆ. ಶಿಕ್ಷಕರೊಬ್ಬರ ಹೆಗಲ ಮೇಲೆಯೇ ಈ ಭಾರ ಹೊರಿಸಿ ಆ ಗುರಿ ಮುಟ್ಟುವುದು ಸಾಧ್ಯವಿಲ್ಲ.

ಹಾಗಾದರೆ ಮನೆಯಲ್ಲಿ ಲೆಕ್ಕವೇ ಇಲ್ಲವೇ? ಬೇಕಾದಷ್ಟಿದೆ. ಬ್ರೆಜಿಲಿನ ರೆಸಿಫೆ ನಗರದಲ್ಲಿ ಬೀದಿ, ಸಂತೆಗಳಲ್ಲಿ ತೆಂಗಿನಕಾಯಿ, ಹಣ್ಣು ಮಾರುತ್ತಿದ್ದ ಐವರು ಮಕ್ಕಳನ್ನು ಸಂಶೋಧಕಿ ತೆರೆಜಿನ್ಯಾ ನೂನೆಸ್ ಮತ್ತು ಅವರ ಜೊತೆಗಾರರು ಗಮನಿಸಿ 1985ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಗಿರಾಕಿಗಳಂತೆ ಹೋಗಿ ಕೇಳಿದಾಗ ಮಕ್ಕಳು ಹೇಳಿದ ಉತ್ತರಗಳಲ್ಲಿ ಶೇ 98 ಸರಿ. ಅವೇ ಅಂಕಿಗಳನ್ನು ಕಾಗದದ ಮೇಲೆ ಬರೆದು ಕೊಟ್ಟಾಗ ಸರಿ ಉತ್ತರ ಶೇ 37ಕ್ಕೆ ಇಳಿಯಿತು. ಹನ್ನೆರಡರ ಹುಡುಗನೊಬ್ಬನಿಗೆ 35ರಂತೆ ಹತ್ತು ತೆಂಗಿನಕಾಯಿಗೆ ಎಷ್ಟೆಂದು ಕೇಳಿದರೆ, ಅವನು ಒಂದು ಸೊನ್ನೆ ಸೇರಿಸಿ ಮುಗಿಸಲಿಲ್ಲ. ಮೂರಕ್ಕೆ 105, ಇನ್ನು ಮೂರು ಸೇರಿದರೆ 210 ಎಂದು ಕೂಡುತ್ತಾ ಹೋಗಿ 350 ತಲುಪಿದ. ದಾರಿ ಉದ್ದ, ಆದರೆ ಅದು ಅವನದೇ ದಾರಿ, ಅವನಿಗೆ ಅರ್ಥವಾದ ದಾರಿ.

ನಮ್ಮ ದೇಶದಲ್ಲೂ ಇದೇ ಕಂಡಿದೆ. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತಿತರರು ಕೋಲ್ಕತ್ತ, ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ ಸುಮಾರು 1,400 ಮಕ್ಕಳನ್ನು ಪರೀಕ್ಷಿಸಿ 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ತೂಕ, ದರ, ಚಿಲ್ಲರೆಯ ಲೆಕ್ಕವನ್ನು ಬಾಯಲ್ಲೇ ಮಾಡುವ ಮಕ್ಕಳು ಶಾಲೆಯ ರೀತಿಯ ಲೆಕ್ಕಕ್ಕೆ ತಡವರಿಸಿದರು. ಶಾಲೆಯ ಲೆಕ್ಕ ಚೆನ್ನಾಗಿ ಮಾಡುವ ಮಕ್ಕಳು ಮಾರುಕಟ್ಟೆಯ ಲೆಕ್ಕದಲ್ಲಿ ಸೋತರು. ಮಕ್ಕಳು ದುಡಿಯಬೇಕೆಂದು ಹೇಳಲು ಈ ಅಧ್ಯಯನ ನೆವವಾಗಬಾರದು, ಅವರು ಶಾಲೆಯಲ್ಲಿರಬೇಕು. ಗಮನಿಸಬೇಕಾದ್ದು ಬೇರೆ. ಎರಡು ಕಡೆಯ ಲೆಕ್ಕಗಳ ನಡುವೆ ತಾವಾಗಿ ಸೇತುವೆ ಕಟ್ಟಿಕೊಳ್ಳುವುದು ಮಕ್ಕಳಿಗೆ ಆಗುತ್ತಿಲ್ಲ. ಆ ಸೇತುವೆ ಕಟ್ಟಬಲ್ಲವರಲ್ಲಿ ಶಾಲೆ ಒಂದು ತುದಿಯಲ್ಲಿದ್ದರೆ ಮನೆಯವರು ಇನ್ನೊಂದು ತುದಿಯಲ್ಲಿದ್ದಾರೆ. ಲೆಕ್ಕವನ್ನು ವ್ಯವಹಾರದ ಜೊತೆ ಸೇರಿಸಿ ಹೇಳುವುದು ಕನ್ನಡಕ್ಕೆ ಹೊಸದೂ ಅಲ್ಲ. ಹನ್ನೆರಡನೇ ಶತಮಾನದ ರಾಜಾದಿತ್ಯ ‘ವ್ಯವಹಾರಗಣಿತ’ ಎಂದು ಹೆಸರಿಟ್ಟೇ ಪುಸ್ತಕ ಬರೆದಿದ್ದ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಮನೆಯವರು ಸೇರಿಕೊಂಡರೆ ಸಾಕು, ಒಳ್ಳೆಯದೇ ಆಗುತ್ತದೆ ಎನ್ನುವಂತಿಲ್ಲ. ಅಮೆರಿಕದಲ್ಲಿ ಒಂದನೇ, ಎರಡನೇ ತರಗತಿಯ ಮಕ್ಕಳನ್ನು ಗಮನಿಸಿ 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಲೆಕ್ಕವೆಂದರೆ ಹೆದರುವ ತಂದೆತಾಯಂದಿರು ಪದೇ ಪದೇ ಹೋಂವರ್ಕ್ ಮಾಡಿಸಲು ಕೂತ ಮನೆಗಳ ಮಕ್ಕಳು ವರ್ಷದ ಕೊನೆಗೆ ಕಡಿಮೆ ಕಲಿತಿದ್ದರು, ಅವರಿಗೂ ಲೆಕ್ಕದ ಹೆದರಿಕೆ ಹತ್ತಿತ್ತು. ಹೋಂವರ್ಕಿಗೆ ಅಷ್ಟಾಗಿ ಕೈಹಾಕದ ಮನೆಗಳಲ್ಲಿ ಪೋಷಕರಿಗೆ ಹೆದರಿಕೆಯಿದ್ದರೂ ಮಕ್ಕಳಿಗೆ ಆ ಹಾನಿ ಕಾಣಲಿಲ್ಲ. ಅದೇ ವರ್ಷ ಷಿಕಾಗೊ ಸುತ್ತಮುತ್ತಲ 587 ಮಕ್ಕಳ ಮನೆಗಳಲ್ಲಿ ನಡೆದ ಇನ್ನೊಂದು ಪ್ರಯೋಗದ ಫಲವೂ ಹೊರಬಂತು. ಕೆಲವು ಮನೆಗಳಿಗೆ ಮಲಗುವ ಮುಂಚೆ ಓದಿ ಹೇಳಲು ಪುಟ್ಟ ಕತೆ, ಅದಕ್ಕೆ ಅಂಟಿಕೊಂಡ ಒಂದೆರಡು ಲೆಕ್ಕದ ಪ್ರಶ್ನೆಗಳಿರುವ ಆ್ಯಪ್ ಕೊಟ್ಟಿದ್ದರು. ಇನ್ನುಳಿದವರಿಗೆ ಬರೀ ಕತೆ. ಲೆಕ್ಕದ ಪ್ರಶ್ನೆಯಿದ್ದ ಮನೆಗಳ ಮಕ್ಕಳು ಮುಂದೆ ಹೋದರು. ಎಲ್ಲರಿಗಿಂತ ಹೆಚ್ಚು ಲಾಭವಾದದ್ದು ಲೆಕ್ಕಕ್ಕೆ ಹೆದರುವ ತಂದೆತಾಯಿಯ ಮಕ್ಕಳಿಗೆ.

ಈ ಎರಡು ಫಲಿತಾಂಶಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ, ನಾನು ಹೇಳಬೇಕಾದ ಮಾತಿನ ಸಾರವೆಲ್ಲ ಅಲ್ಲೇ ಇದೆ. ಮಗುವಿನ ಮುಂದೆ ಮೇಷ್ಟರಾಗಿ ಕೂತರೆ ಮನೆಯವರ ಹೆದರಿಕೆ ಮಗುವಿಗೂ ಹರಡುತ್ತದೆ. ಜೊತೆಗಾರರಾಗಿ ಕೂತರೆ ಅವರಿಗೆ ಲೆಕ್ಕ ಬಾರದಿದ್ದರೂ ಮಗುವಿಗೆ ಬರುತ್ತದೆ. ‘ನಮಗೇ ಓದು ಬರೊಲ್ಲ, ನಾವೇನು ಹೇಳಿಕೊಡೋಣ’ ಎಂದು ಹಿಂದೆ ಸರಿಯುವ ಸಾವಿರಾರು ತಾಯಂದಿರಿಗೆ ಈ ಸಂಗತಿಯನ್ನು ಯಾರಾದರೂ ಬಿಡಿಸಿ ಹೇಳಬೇಕಾಗಿದೆ.

ಜೊತೆಗಾರರಾಗಿ ಕೂರಲು ನಮ್ಮ ಮನೆಗಳಲ್ಲಿ ಸಾಮಾನಿಗೆ ಕೊರತೆಯಿಲ್ಲ. ಹಾವು ಏಣಿ ಆಟ ತೆಗೆದುಕೊಳ್ಳಿ. ಒಂದರಿಂದ ಹತ್ತರವರೆಗೆ ಸಾಲಾಗಿ ಅಂಕಿ ಬರೆದ ಹಲಗೆಯ ಮೇಲೆ ಬಡ ಮನೆಗಳ ಪುಟ್ಟ ಮಕ್ಕಳನ್ನು ನಾಲ್ಕು ಸಲ, ಒಟ್ಟು ಒಂದು ಗಂಟೆಯಷ್ಟು ಆಡಿಸಿದರೆ ಅವರ ಸಂಖ್ಯೆಯ ತಿಳಿವಳಿಕೆ ಗಟ್ಟಿಯಾಗುತ್ತದೆ ಎಂದು ರಾಬರ್ಟ್ ಸೀಗ್ಲರ್ ಮತ್ತು ಗೀತಾ ರಮಣಿ 2008ರಲ್ಲಿ ತೋರಿಸಿದರು. ಒಂಬತ್ತು ವಾರಗಳ ನಂತರವೂ ಆ ಲಾಭ ಉಳಿದಿತ್ತು. ಆಡುವ ರೀತಿಯೂ ಮುಖ್ಯ ಎಂದು ಮುಂದಿನ ಅಧ್ಯಯನಗಳು ಹೇಳಿದವು. ಕಾಯಿ 37ರ ಮನೆಯಲ್ಲಿದ್ದು ನಾಲ್ಕು ಬಿತ್ತೆನ್ನಿ. ‘ಒಂದು, ಎರಡು, ಮೂರು, ನಾಲ್ಕು’ ಎಂದು ನಡೆಸಿದರೆ ಅಷ್ಟು ಪ್ರಯೋಜನವಿಲ್ಲ. ‘ಮೂವತ್ತೆಂಟು, ಮೂವತ್ತೊಂಬತ್ತು, ನಲವತ್ತು, ನಲವತ್ತೊಂದು’ ಎಂದು ಮನೆಯ ಅಂಕಿ ಓದುತ್ತಾ ನಡೆಸಬೇಕು. ಅಕ್ಷರ ಬಾರದ ಅಜ್ಜಿಯೂ ಮೊಮ್ಮಗಳ ಬಾಯಲ್ಲಿ ಹೀಗೆ ಹೇಳಿಸಬಹುದು.

ಚೌಕಾಬಾರ ಇನ್ನೂ ದೊಡ್ಡ ಗಣಿತವನ್ನು ಹೊತ್ತಿದೆ. ನಾಲ್ಕು ಕವಡೆ, ಅಥವಾ ಒಂದು ಬದಿ ತೇಯ್ದು ಬೆಳ್ಳಗೆ ಮಾಡಿದ ನಾಲ್ಕು ಹುಣಸೆ ಬೀಜ. ನಾಲ್ಕೂ ಮೇಲ್ಮುಖವಾದರೆ ಚೌಕ, ನಾಲ್ಕೂ ಕವುಚಿ ಬಿದ್ದರೆ ಎಂಟು. ಆಡುವವರಿಗೆಲ್ಲ ಗೊತ್ತು, ಎರಡರ ಗರ ಪದೇ ಪದೇ ಬೀಳುತ್ತದೆ, ಚೌಕ ಕಾಯಿಸುತ್ತದೆ. ಏಕೆ ಎಂದು ಕೇಳುವವರು ಕಡಿಮೆ. ನಾಲ್ಕು ಬೀಜಗಳು ಬೀಳಬಹುದಾದ ರೀತಿಗಳು ಒಟ್ಟು 16. ಅವುಗಳಲ್ಲಿ ಎರಡು ಬೀಳುವ ರೀತಿ 6, ಒಂದು ಬೀಳುವುದು 4, ಮೂರು ಬೀಳುವುದು 4, ಚೌಕ ಬೀಳುವುದು ಒಂದೇ, ಎಂಟಕ್ಕೂ ಒಂದೇ. ಮಕ್ಕಳಿಗೆ ಇದನ್ನು ಮೊದಲೇ ಹೇಳಬಾರದು. ನೂರು ಗರ ಹಾಕಿ ಗೀಟು ಎಳೆಯಲು ಹೇಳಿ. ಎರಡರ ಮುಂದೆ ಮೂವತ್ತೇಳು–ಮೂವತ್ತೆಂಟು ಗೀಟುಗಳ ಆಸುಪಾಸು, ಚೌಕದ ಮುಂದೆ ಆರರ ಆಸುಪಾಸು ಬಂದರೆ ಬೀಜಗಳು ಎರಡು ಬದಿಗೂ ಸಮನಾಗಿ ಬೀಳುತ್ತಿವೆ ಎಂದರ್ಥ. ಬಾರದಿದ್ದರೆ ಇನ್ನೂ ಒಳ್ಳೆಯದು. ತೇಯ್ದದ್ದು ಹೆಚ್ಚಾಯಿತೇ, ಕವಡೆಯ ಬೆನ್ನಿನ ಉಬ್ಬು ಕಾರಣವೇ ಎಂದು ಹುಡುಕುವ ಕೆಲಸ ಶುರುವಾಗುತ್ತದೆ. ಪಿಯುಸಿಯಲ್ಲಿ ಸಂಭವನೀಯತೆ ಎಂಬ ಅಧ್ಯಾಯ ಬಂದಾಗ ಕಂಗಾಲಾಗುವ ಮಕ್ಕಳು ಅದನ್ನು ಏಳನೇ ವಯಸ್ಸಿಗೇ ಜಗಲಿಯಲ್ಲಿ ಆಡಿ ಬಿಟ್ಟಿರುತ್ತಾರೆ. ಅದು ಲೆಕ್ಕವೆಂದು ಅವರಿಗೆ ಹೇಳಿದವರಿಲ್ಲ, ಅಷ್ಟೆ.

ಬಾಗಿಲ ಮುಂದಿನ ರಂಗೋಲಿಯದೂ ಇದೇ ಕತೆ. ನಡುವೆ ಏಳು ಚುಕ್ಕಿ, ಎರಡೂ ಕಡೆ ಆರು, ಐದು, ನಾಲ್ಕು ಎಂದು ಇಳಿಯುವ ಸಂದು ಚುಕ್ಕಿಯ ರಂಗೋಲಿಯಲ್ಲಿ ಒಟ್ಟು 37 ಚುಕ್ಕಿಗಳಿರುತ್ತವೆ. ಮೂರರಿಂದ ಎರಡಕ್ಕೆ ಇಳಿಯುವುದರಲ್ಲಿ 7, ಐದರಿಂದ ಮೂರಕ್ಕೆ ಇಳಿಯುವುದರಲ್ಲಿ 19. ಮೊದಲ ಒಂಟಿ ಚುಕ್ಕಿಯನ್ನೂ ಸೇರಿಸಿ ಸಾಲಾಗಿ ಬರೆದರೆ 1, 7, 19, 37. ಒಂದರಿಂದ ಇನ್ನೊಂದಕ್ಕೆ ಏರಿದ್ದು 6, 12, 18. ಮುಂದಿನ ರಂಗೋಲಿಗೆ ಎಷ್ಟು ಚುಕ್ಕಿ ಬೇಕೆಂದು ಮಗು ಇಡುವ ಮೊದಲೇ ಹೇಳಬಲ್ಲದು. ಸ್ವಲ್ಪ ದೊಡ್ಡ ಮಕ್ಕಳಾದರೆ ಚುಕ್ಕಿಗಳ ಆ ಮೊತ್ತಗಳನ್ನೇ ಒಂದೊಂದಾಗಿ ಕೂಡುತ್ತಾ ಹೋಗಲಿ: 1, 8, 27, 64. ಇವು ಒಂದು, ಎರಡು, ಮೂರು, ನಾಲ್ಕರ ಘನಗಳು! ನೆಲದ ಮೇಲಿನ ಚುಕ್ಕಿಗಳಿಂದ ಘನ ಎದ್ದು ಬರುವುದನ್ನು ಕಂಡ ಮಗುವಿಗೆ ಗಣಿತ ಬೇಸರದ ವಿಷಯವಾಗುವುದು ಕಷ್ಟ. ಬೆಳಿಗ್ಗೆ ಎದ್ದು ರಂಗೋಲಿ ಇಡುವ ಅಮ್ಮನಿಗೆ ಚುಕ್ಕಿಯ ಈ ಶಿಸ್ತು ಕೈಯಲ್ಲೇ ಇದೆ. ಮಗಳನ್ನು ಮಾತ್ರವಲ್ಲ, ಮಗನನ್ನೂ ಪಕ್ಕಕ್ಕೆ ಕೂರಿಸಿಕೊಳ್ಳಬೇಕು.

ವಿಜ್ಞಾನಕ್ಕೆ ಬಂದರೆ ಅಡುಗೆಮನೆಯ ಬಗ್ಗೆ ಈಗಾಗಲೇ ಬೇಕಾದಷ್ಟು ಬರೆದಿದ್ದಾರೆ, ಹಾಗಾಗಿ ಒಂದೇ ಮಾತು. ರುಬ್ಬಿದ ದೋಸೆ ಹಿಟ್ಟನ್ನು ಎರಡು ಲೋಟಕ್ಕೆ ಹಾಕಿ, ಒಂದನ್ನು ಒಲೆಯ ಹತ್ತಿರ, ಇನ್ನೊಂದನ್ನು ಕಿಟಕಿಯ ಬಳಿ ಇಟ್ಟು, ಹಿಟ್ಟಿನ ಮಟ್ಟಕ್ಕೆ ಗುರುತು ಹಾಕಿ ಎರಡು ಗಂಟೆಗೊಮ್ಮೆ ಬರೆದಿಟ್ಟುಕೊಳ್ಳುವುದೇ ಒಂದು ಪೂರ್ತಿ ಪ್ರಯೋಗ. ಊಹೆ ಮಗುವಿನದ್ದಾಗಿರಬೇಕು, ಅಳತೆಯೂ ಮಗುವಿನದ್ದೇ.

ಆಕಾಶದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ನಮ್ಮ ಮನೆಗಳು ಮಕ್ಕಳನ್ನು ಆಕಾಶದಿಂದ ಒಳಗೆ ಎಳೆದುಕೊಂಡ ಚರಿತ್ರೆಯೂ ಇದೆ. 1980ರ ಫೆಬ್ರುವರಿ 16ರಂದು ಅಂಕೋಲಾದ ಕಡೆಯಿಂದ ರಾಯಚೂರಿನ ಕಡೆಗೆ ಪೂರ್ಣ ಸೂರ್ಯಗ್ರಹಣದ ನೆರಳು ಹಾದುಹೋಯಿತು. ಒಂದು ಜನ್ಮದಲ್ಲಿ ಒಮ್ಮೆ ಸಿಗುವ ನೋಟ. ಅಂದು ಎಷ್ಟೋ ಮನೆಗಳು ಬಾಗಿಲು ಹಾಕಿಕೊಂಡಿದ್ದವು. 2019ರ ಡಿಸೆಂಬರ್ 26ರಂದು ಮಂಗಳೂರು, ಕೊಡಗಿನಲ್ಲಿ ಕಂಕಣ ಗ್ರಹಣ ಕಂಡಾಗ ಮಕ್ಕಳ ಕೈಹಿಡಿದು ಬಂದು ಗ್ರಹಣದ ಕನ್ನಡಕದಲ್ಲಿ ತೋರಿಸಿದ ಮನೆಯವರು ಹಲವರಿದ್ದರು. ಮನೆಯವರು ಬದಲಾಗಬಲ್ಲರು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಗ್ರಹಣಕ್ಕೆ ಕಾಯಬೇಕಾಗಿಯೂ ಇಲ್ಲ. ಕರ್ಕಾಟಕ ಸಂಕ್ರಾಂತಿ ವೃತ್ತದ ದಕ್ಷಿಣಕ್ಕಿರುವ ಕರ್ನಾಟಕದ ಪ್ರತಿ ಊರಿನಲ್ಲೂ ವರ್ಷಕ್ಕೆರಡು ದಿನ ನಡುಮಧ್ಯಾಹ್ನ ನೆಟ್ಟಗೆ ನಿಂತ ಕೋಲಿಗೆ ನೆರಳೇ ಇರುವುದಿಲ್ಲ. ಬೆಂಗಳೂರಿನಲ್ಲಿ ಈ ಶೂನ್ಯ ನೆರಳಿನ ದಿನ ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ ಬರುತ್ತದೆ. ಏಪ್ರಿಲ್‌ನಲ್ಲಿ ನೆರಳು ಮಾಯವಾಗುವುದು 12 ಗಂಟೆಗಲ್ಲ, 12.17ರ ಹೊತ್ತಿಗೆ. ಗಡಿಯಾರ ಮತ್ತು ಸೂರ್ಯನ ನಡುವಿನ ಈ ವ್ಯತ್ಯಾಸ ಏಕೆ ಎಂದು ಮಗು ಕೇಳಿದರೆ ರೇಖಾಂಶದ ಪಾಠ ತಾನಾಗಿಯೇ ಶುರುವಾಯಿತು. ಬೆಳಗಾವಿಗೆ ಆ ದಿನ ಬರುವುದು ಮೇ ಮೊದಲ ವಾರ, ಬೀದರಿಗೆ ಮೇ ಎರಡನೇ ವಾರ. ಏಪ್ರಿಲ್ 24ರಂದು ಬೆಂಗಳೂರಿನ ಮಗು ಬೀದರಿನಲ್ಲಿರುವ ಚಿಕ್ಕಮ್ಮನ ಮಗನಿಗೆ ಫೋನ್ ಮಾಡಿ ಅಲ್ಲೂ ಒಂದು ಮೀಟರ್ ಕೋಲು ನಿಲ್ಲಿಸಲು ಹೇಳಲಿ. ಇಲ್ಲಿ ನೆರಳಿಲ್ಲ, ಅಲ್ಲಿ ಎಂಟು–ಒಂಬತ್ತು ಸೆಂಟಿಮೀಟರ್ ನೆರಳಿದೆ. ಅಂದರೆ ಸೂರ್ಯನ ಕೋನದಲ್ಲಿ ಸುಮಾರು ಐದು ಡಿಗ್ರಿ ಅಂತರ. ಎರಡು ಊರುಗಳ ನಡುವೆ ಉತ್ತರ ದಕ್ಷಿಣವಾಗಿ ಸುಮಾರು 545 ಕಿ.ಮೀ. ಇದೆ. 360 ಡಿಗ್ರಿಗೆ ಎಷ್ಟು ಎಂದು ಲೆಕ್ಕ ಹಾಕಿದರೆ ಭೂಮಿಯ ಸುತ್ತಳತೆ 40 ಸಾವಿರ ಕಿ.ಮೀ. ಹತ್ತಿರ ಬಂದು ನಿಲ್ಲುತ್ತದೆ. ಎರಡು ಸಾವಿರ ವರ್ಷಗಳಿಗೂ ಹಿಂದೆ ಗ್ರೀಕ್ ವಿದ್ವಾಂಸ ಎರಟೊಸ್ತನೀಸ್ ಮಾಡಿದ್ದು ಇದನ್ನೇ. ಎರಡು ಕೋಲು, ಎರಡು ಮನೆ, ಒಂದು ಫೋನ್ ಕರೆಯಲ್ಲಿ ಮಕ್ಕಳು ಭೂಮಿಯನ್ನು ಅಳೆಯಬಹುದು.

ಮಳೆಯೂ ಹಾಗೆಯೇ. ಪುತ್ತೂರು, ಸುಳ್ಯ ಕಡೆಯ ಕೆಲವು ಅಡಿಕೆ ಬೆಳೆಗಾರರ ಮನೆಗಳಲ್ಲಿ ದಿನದ ಮಳೆಯನ್ನು ಅಳೆದು ಡೈರಿಯಲ್ಲಿ ಬರೆದಿಡುವ ರೂಢಿ ದಶಕಗಳಿಂದ ಇದೆ. ಇದು ವಿಜ್ಞಾನದ ಶಿಸ್ತೇ. ನಗರದ ಮನೆಗೂ ಇದು ಕಷ್ಟವಲ್ಲ. ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್ ನೀರು. 30–40ರ ಸೈಟಿನಷ್ಟು ಜಾಗ ಸುಮಾರು 111 ಚದರ ಮೀಟರ್. ಅಷ್ಟು ಜಾಗದ ಮೇಲೆ ಹತ್ತು ಮಿಲಿಮೀಟರ್ ಮಳೆ ಸುರಿದರೆ 1,100 ಲೀಟರಿಗೂ ಹೆಚ್ಚು ನೀರು ಬಿದ್ದಂತಾಯಿತು. ಟ್ಯಾಂಕರಿನವರಿಗೆ ದುಡ್ಡು ಎಣಿಸುವ ಮನೆಯ ಮಗುವಿಗೆ ಈ ಲೆಕ್ಕದ ಬೆಲೆ ಯಾರೂ ವಿವರಿಸಬೇಕಾಗಿಲ್ಲ.

ಮನೆಯವರನ್ನು ಈ ದಾರಿಗೆ ತರುವ ಕೆಲಸ ನಮ್ಮಲ್ಲಿ ನಡೆದೇ ಇಲ್ಲ ಎಂದಲ್ಲ. ಶಿವರಾಮ ಕಾರಂತರು 1936ರಲ್ಲೇ ‘ಬಾಲ ಪ್ರಪಂಚ’ದ ಮೂರು ಸಂಪುಟಗಳನ್ನು ಮಕ್ಕಳ ಕೈಗಿಟ್ಟರು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲವಿಜ್ಞಾನ’ ಹಳ್ಳಿಯ ಶಾಲೆಗಳಿಗೆ ತಲುಪಿದ ಮಾಸಪತ್ರಿಕೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ ‘ನಲಿ–ಕಲಿ’ ಚಟುವಟಿಕೆಯಿಂದ ಕಲಿಯುವುದನ್ನು ಸರ್ಕಾರಿ ಶಾಲೆಗೆ ತಂದಿತು. 2023ರ ‘ಕಲಿಕಾ ಹಬ್ಬ’ದಲ್ಲಿ ‘ಮಾಡು–ಆಡು’, ‘ಕಾಗದ–ಕತ್ತರಿ’, ‘ಊರು ತಿಳಿಯೋಣ’ ಎಂಬ ಮೂಲೆಗಳಲ್ಲಿ ಮಕ್ಕಳು ಕೈಯಾರೆ ಕಲಿತರು. ಅಕ್ಷರ ಫೌಂಡೇಷನ್ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗಣಿತ ಸ್ಪರ್ಧೆ ನಡೆಸಿ ಊರನ್ನೇ ಸೇರಿಸುತ್ತಿದೆ. ಬೆಂಗಳೂರಿನ ನೆಹರೂ ತಾರಾಲಯ, ವಿಶ್ವೇಶ್ವರಯ್ಯ ತಾಂತ್ರಿಕ ವಸ್ತುಸಂಗ್ರಹಾಲಯ, ಮಂಗಳೂರಿನ ಪಿಲಿಕುಳ ಕೇಂದ್ರಗಳು ಮನೆಮಂದಿಯೆಲ್ಲ ಹೋಗಬಹುದಾದ ಜಾಗಗಳು. ಇವೆಲ್ಲ ಬೆಲೆಯುಳ್ಳ ಕೆಲಸಗಳೇ. ಆದರೆ ಹೆಚ್ಚಿನವುಗಳಲ್ಲಿ ಮನೆಯವರು ಪ್ರೇಕ್ಷಕರು. ಸ್ಪರ್ಧೆಯ ದಿನ ಅವರಿಗೆ ಕಾಣುವುದು ಮಗುವಿನ ಅಂಕ. ಮಗು ಹೇಗೆ ಯೋಚಿಸಿತು ಎಂಬುದನ್ನು ಅವರಿಗೆ ತೋರಿಸುವ ಏರ್ಪಾಡು ಬೇಕು.

ಇನ್ನು ವಿಜ್ಞಾನ ಪ್ರದರ್ಶನದ ಹಿಂದಿನ ರಾತ್ರಿ ಸ್ಟೇಷನರಿ ಅಂಗಡಿಯಿಂದ ತಂದ ಥರ್ಮೊಕೋಲ್ ಮಾದರಿಯ ವಿಷಯ. ಅಪ್ಪ ಅಂಟಿಸಿ, ಅಮ್ಮ ಬಣ್ಣ ಹಚ್ಚಿ, ಮಗು ಮರುದಿನ ಬಾಯಿಪಾಠ ಒಪ್ಪಿಸುವ ಈ ಪದ್ಧತಿ ನಿಲ್ಲಬೇಕು. ಅದರಲ್ಲಿ ಮಗುವಿನ ಊಹೆಯಿಲ್ಲ, ಅಳತೆಯಿಲ್ಲ, ತಪ್ಪೂ ಇಲ್ಲ. ಶಾಲೆಗಳು ಅಂಥ ಮಾದರಿಗೆ ಬಹುಮಾನ ಕೊಡುವುದನ್ನು ಬಿಟ್ಟು, ಮಗು ಹದಿನೈದು ದಿನ ಗಮನಿಸಿ ಬರೆದ ನೋಟ್‌ಬುಕ್ಕಿಗೆ ಕೊಡಲಿ.

ಸಮಯವಿಲ್ಲ ಎನ್ನುವ ಮಾತಿನಲ್ಲಿ ಸತ್ಯವಿದೆ. ಸಂಜೆ ಏಳಕ್ಕೆ ಗಾರ್ಮೆಂಟ್ಸ್‌ನಿಂದ ಬಂದು ಒಲೆ ಹಚ್ಚುವ ತಾಯಿಗೆ, ಹಂಗಾಮಿನಲ್ಲಿ ಊರು ಬಿಟ್ಟು ಕಬ್ಬು ಕಡಿಯಲು ಹೋಗುವ ಕುಟುಂಬಕ್ಕೆ ಚಟುವಟಿಕೆಯ ಪಟ್ಟಿ ಕೊಟ್ಟು ಕಳಿಸುವುದು ಅನ್ಯಾಯ. ಆದರೂ ದಾರಿಗಳಿವೆ. ಕೋವಿಡ್ ಕಾಲದಲ್ಲಿ ಬೋಟ್ಸ್‌ವಾನಾದಲ್ಲಿ ವಾರಕ್ಕೊಮ್ಮೆ 15–20 ನಿಮಿಷ ಮನೆಗೆ ಫೋನ್ ಮಾಡಿ, ಪೋಷಕರ ಎದುರಿನಲ್ಲೇ ಮಗುವಿನ ಜೊತೆ ಲೆಕ್ಕ ಮಾತಾಡಿದ ಪ್ರಯೋಗದಲ್ಲಿ ಮಕ್ಕಳ ಕಲಿಕೆ ಏರಿತು. ತಮ್ಮ ಮಗುವಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂಬುದು ಪೋಷಕರಿಗೂ ಹೆಚ್ಚು ಸರಿಯಾಗಿ ತಿಳಿಯಿತು. ಭಾರತವೂ ಸೇರಿ ಐದು ದೇಶಗಳಲ್ಲಿ ಈ ಪ್ರಯೋಗವನ್ನು ಮತ್ತೆ ಮಾಡಿ ನೋಡಿದಾಗಲೂ ಫಲ ಕಂಡಿತು. ಸ್ಮಾರ್ಟ್‌ಫೋನ್ ಬೇಕಾಗಿರಲಿಲ್ಲ, ಸಾದಾ ಫೋನ್ ಸಾಕಾಗಿತ್ತು. ಬಿಹಾರ, ರಾಜಸ್ಥಾನದಲ್ಲಿ ತಾಯಂದಿರಿಗೇ ಓದು ಲೆಕ್ಕ ಕಲಿಸುವ, ಇಲ್ಲವೇ ಮಕ್ಕಳ ಜೊತೆ ಮನೆಯಲ್ಲಿ ಮಾಡುವ ಚಟುವಟಿಕೆಗಳನ್ನು ಕೊಡುವ ಪ್ರಯೋಗಗಳಿಂದ ಮಕ್ಕಳ ಲೆಕ್ಕದಲ್ಲಿ ಸಿಕ್ಕ ಲಾಭ ಚಿಕ್ಕದು. ಆದರೆ ಎರಡನ್ನೂ ಒಟ್ಟಿಗೆ ಮಾಡಿದಲ್ಲಿ ಅದು ಹೆಚ್ಚಿತ್ತು, ತಾಯಂದಿರೂ ಕಲಿತರು. ಕಬ್ಬು ಕಡಿಯುವ ಮನೆಗೆ ಲೆಕ್ಕ ದೂರದ್ದೂ ಅಲ್ಲ. ಎಷ್ಟು ಟನ್ ಕಡಿದೆವು, ಮುಂಗಡದಲ್ಲಿ ಎಷ್ಟು ಮುರಿದುಕೊಂಡರು ಎಂಬುದನ್ನು ಮಗುವಿನ ಕೈಯಲ್ಲಿ ಬರೆಸಿ ಕೂಡಿಸಿದರೆ ಅದು ಆ ಮನೆಯ ಕೂಲಿಯನ್ನೂ ಕಾಯುತ್ತದೆ.

ರಾಜ್ಯದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ. 2020ರ ಮಕ್ಕಳ ದಿನದಂದು ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಆ ಕೇಂದ್ರಗಳಲ್ಲಿ ಪುಸ್ತಕದ ಜೊತೆ ಒಂದು ತಕ್ಕಡಿ, ಒಂದು ಮಳೆಮಾಪಕ, ಒಂದು ಅಳಗುಳಿ ಮಣೆ, ಒಂದು ಚೌಕಾಬಾರದ ಹಲಗೆ ಇಡಲು ದೊಡ್ಡ ಅನುದಾನ ಬೇಡ. ತಿಂಗಳಿಗೊಂದು ಭಾನುವಾರ ಸಂಜೆ ಅಪ್ಪ ಅಮ್ಮ, ಅಜ್ಜ ಅಜ್ಜಿ ಮಕ್ಕಳ ಜೊತೆ ಬಂದು ಆಡಲಿ, ಅಳೆಯಲಿ. ಶಿಕ್ಷಕರು ಅಲ್ಲಿ ಕಂಡ ಲೆಕ್ಕವನ್ನು ಸೋಮವಾರ ಕರಿಹಲಗೆಗೆ ತರಲಿ. ಪಂಚಾಯಿತಿ ಸದಸ್ಯರೇ, ಎಸ್‌ಡಿಎಂಸಿಯವರೇ, ಮುಂದಿನ ಸಭೆಯಲ್ಲಿ ಈ ಒಂದು ವಿಷಯವನ್ನು ದಯವಿಟ್ಟು ಚರ್ಚೆಗೆ ತನ್ನಿ.